ಮಾತುಗಳಿಗೂ ಉಂಟು ಮನೆತನ

ಬೆಂಗಳೂರಿನ ದಂಡು ಪ್ರದೇಶದಲ್ಲಿ ಬಡಾವಣೆಗಳಿಗೆ ಎರಡೆರಡು ಹೆಸರು. ಫ್ರೇಜರ್ ಟೌನ್ ಎಂದರೂ ಪುಲಿಕೇಶಿನಗರವೆಂದರೂ ಒಂದೇ. ಕಾಕ್ಸ್ ಟೌನ್ ಎಂದರೂ ಸರ್ವಜ್ಞನಗರವೆಂದರೂ ಒಂದೇ. ಮೊದಲನೆಯದು ಆಂಗ್ಲ ಅಧಿಕಾರಿಯೊಬ್ಬನ ನೆನಪು, ಎರಡನೆಯದು ತ್ರಿಪದಿಯ ಕವಿಯ ನೆನಪು. ಜನರ ಬಾಯಲ್ಲಿ ಹಳೆಯ ಹೆಸರೇ ಹೆಚ್ಚಾಗಿ ಉಳಿದಿದ್ದರೂ 2008ರಿಂದ ವಿಧಾನಸಭೆಯ ಕ್ಷೇತ್ರವೊಂದಕ್ಕೆ ಸರ್ವಜ್ಞನ ಹೆಸರು ಸಂದಿದೆ.

ಆ ಹೆಸರಿನ ತುದಿಯಲ್ಲಿರುವ ‘ಜ್ಞ’ ಎಂಬ ಒಂದು ಒತ್ತಕ್ಷರವನ್ನು ಓದುಗರು ಕ್ಷಣಕಾಲ ನಿಂತು ನೋಡಬೇಕು. ಅರಿಯುವುದು ಎಂಬ ಅರ್ಥದ ಸಂಸ್ಕೃತ ಧಾತು ಅದು. ಜ್ಞಾನ, ಅಜ್ಞಾನ, ವಿಜ್ಞಾನ, ಪ್ರಜ್ಞೆ, ಸಂಜ್ಞೆ, ಆಜ್ಞೆ, ಪ್ರತಿಜ್ಞೆ, ಜಿಜ್ಞಾಸೆ, ತಜ್ಞ, ಕೃತಜ್ಞ — ಇಷ್ಟೂ ಮಾತುಗಳು ಒಂದೇ ಮನೆಯ ಮಕ್ಕಳು. ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ ಇವುಗಳಲ್ಲಿ ಹೆಚ್ಚಿನವು ಗೊತ್ತು. ಆತನಿಗೆ ಯಾರೂ ಹೇಳಿಕೊಡದಿರುವ ಸಂಗತಿ ಇನ್ನೊಂದುಂಟು: ಈ ಮನೆಯ ದಾಯಾದಿಗಳು ಇಂಗ್ಲಿಷಿನಲ್ಲಿಯೂ ಇದ್ದಾರೆ. ‘ರೆಕಗ್ನೈಸ್’, ‘ಕಾಗ್ನಿಷನ್’, ‘ಇಗ್ನೊರನ್ಸ್’, ‘ಡಯಾಗ್ನೋಸಿಸ್’, ‘ಪ್ರಾಗ್ನೋಸಿಸ್’ ಎಂಬ ಪದಗಳ ನಡುವೆ ಅಡಗಿ ಕುಳಿತಿರುವ ‘ಗ್ನ’ ಎಂಬುದು ನಮ್ಮ ‘ಜ್ಞ’ವೇ. ಇಂಗ್ಲಿಷರು ‘ನೋ’ ಎಂಬ ಸಣ್ಣ ಪದದ ಮೊದಲಲ್ಲಿ ‘ಕೆ’ ಅಕ್ಷರವನ್ನು ಬರೆದೂ ಉಚ್ಚರಿಸದೆ ಬಿಡುತ್ತಾರಷ್ಟೆ. ಆ ಮೂಕ ಅಕ್ಷರವೂ ಅದೇ ವಂಶದ್ದು. ಜ್ಞಾನವನ್ನು ‘ಗ್ನಾನ’ ಎಂದು ಉಚ್ಚರಿಸುವ ಕನ್ನಡಿಗರನ್ನು ಪಂಡಿತರು ಆಗಾಗ ತಿದ್ದುವುದುಂಟು. ಆಕಸ್ಮಿಕವೇ ಇರಲಿ, ಆ ಉಚ್ಚಾರಣೆ ಲ್ಯಾಟಿನ್ ಭಾಷೆಗೆ ಇನ್ನೂ ಹತ್ತಿರವಾಗಿದೆ!

ಇದು ಕೇವಲ ಪಂಡಿತರ ವಿನೋದವಾಗಿದ್ದರೆ ಇಷ್ಟು ಹೇಳಿ ಬಿಡಬಹುದಾಗಿತ್ತು. ಆದರೆ ಪ್ರತಿವರ್ಷ ಜೂನ್ ತಿಂಗಳಲ್ಲಿ ಪದವಿಪೂರ್ವ ಕಾಲೇಜಿನ ಮೆಟ್ಟಲು ಹತ್ತುವ ಅನೇಕ ಮಕ್ಕಳ ಪಾಲಿಗೆ ಇದು ಅನ್ನದ ಪ್ರಶ್ನೆ.

ತೊಡಕು ಎಲ್ಲಿದೆ?

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕಗಳನ್ನೇ ಗಳಿಸಿದ ವಿದ್ಯಾರ್ಥಿಯು ವಿಜ್ಞಾನ ವಿಭಾಗಕ್ಕೆ ಸೇರಿದೊಡನೆ ಪಾಠವೂ ಪುಸ್ತಕವೂ ಬಹುಮಟ್ಟಿಗೆ ಇಂಗ್ಲಿಷಿಗೆ ತಿರುಗುತ್ತವೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಿರುವುದು ನಿಜ. ಆದರೆ ಭಾಷೆಯನ್ನು ಒಂದು ವಿಷಯವಾಗಿ ಕಲಿಯುವುದು ಬೇರೆ, ಎಲ್ಲ ವಿಷಯಗಳನ್ನೂ ಆ ಭಾಷೆಯಲ್ಲಿ ಕಲಿಯುವುದು ಬೇರೆ. ನಿನ್ನೆಯವರೆಗೆ ಮುಂದಿನ ಬೆಂಚಿನಲ್ಲಿ ಕುಳಿತು ಕೈಯೆತ್ತುತ್ತಿದ್ದ ಹುಡುಗಿ ಇಂದು ಹಿಂದಿನ ಬೆಂಚಿಗೆ ಸರಿಯುತ್ತಾಳೆ. ಮನೆಯವರು ‘ಮಗುವಿಗೆ ಸೈನ್ಸ್ ಹತ್ತುವುದಿಲ್ಲ’ ಎಂದು ತೀರ್ಮಾನಿಸಿಬಿಡುತ್ತಾರೆ. ಹತ್ತದಿರುವುದು ವಿಜ್ಞಾನವಲ್ಲ.

ಎಲ್ಲರೂ ಭಾವಿಸುವಂತೆ ಆಕೆಯನ್ನು ಕಾಡುವವು ಪಾರಿಭಾಷಿಕ ಪದಗಳೂ ಅಲ್ಲ. ‘ಆಕ್ಸಿಜನ್’, ‘ವೆಲಾಸಿಟಿ’, ‘ಕ್ರೋಮೊಸೋಮ್’ ಮೊದಲಾದವುಗಳನ್ನು ಉಪನ್ಯಾಸಕರು ಹಲಗೆಯ ಮೇಲೆ ಬರೆದು, ವಿವರಿಸಿ, ಚಿತ್ರ ತೆಗೆದು ತೋರಿಸುತ್ತಾರೆ. ಅವು ಎಲ್ಲರಿಗೂ ಹೊಸವು. ಕಾನ್ವೆಂಟಿನಿಂದ ಬಂದವರಿಗೂ ಹೊಸವೇ. ಯಾರೂ ವಿವರಿಸದೆ ಬಿಡುವ ಪದಗಳು ಬೇರೆ ಇವೆ: ‘ಅಸ್ಯೂಮ್’, ‘ಡಿರೈವ್’, ‘ವೇರಿ’, ‘ಕನ್ಸಿಸ್ಟ್’, ‘ಅಬ್ಟೇನ್’, ‘ಸಿಗ್ನಿಫಿಕೆಂಟ್’, ‘ಹೆನ್ಸ್’, ‘ವೇರ್‌ಆ್ಯಸ್’. ಇವು ಭೌತಶಾಸ್ತ್ರಕ್ಕೆ ಸೇರಿದವಲ್ಲ, ಅರ್ಥಶಾಸ್ತ್ರಕ್ಕೆ ಸೇರಿದವಲ್ಲ. ಎಲ್ಲ ಶಾಸ್ತ್ರಗಳಿಗೂ ಗಾರೆಯಂತೆ ಬಳಕೆಯಾಗುವವು. ಇಟ್ಟಿಗೆಯನ್ನು ಎಲ್ಲರೂ ನೋಡುತ್ತಾರೆ, ಗಾರೆಯನ್ನು ನೋಡುವವರಾರು? ಮನೆಮಾತಿನ ಇಂಗ್ಲಿಷಿನಲ್ಲಿ ಇವು ವಿರಳ. ಪಾಠದ ಇಂಗ್ಲಿಷಿನಲ್ಲಿ ಸಾಲುಸಾಲಿಗೂ ಇವೇ.

ಪರೀಕ್ಷೆಯ ಕೊಠಡಿಯಲ್ಲಂತೂ ಕಷ್ಟ ಇಮ್ಮಡಿಸುತ್ತದೆ. ಪ್ರಶ್ನೆಪತ್ರಿಕೆಯ ಪ್ರತಿಯೊಂದು ಪ್ರಶ್ನೆಯೂ ಇಂಥದೇ ಒಂದು ಕ್ರಿಯಾಪದದಿಂದ ಮೊದಲಾಗುತ್ತದೆ: ‘ಡಿಫೈನ್’, ‘ಡಿರೈವ್’, ‘ಇಲಸ್ಟ್ರೇಟ್’, ‘ಜಸ್ಟಿಫೈ’, ‘ಇವ್ಯಾಲ್ಯುಯೇಟ್’. ಉತ್ತರ ತಿಳಿದಿದೆ, ಏನು ಮಾಡೆಂದು ಕೇಳುತ್ತಿದ್ದಾರೆಂಬುದು ತಿಳಿಯದು. ಸಮರ್ಥಿಸು ಎಂದವರಿಗೆ ವ್ಯಾಖ್ಯೆ ಬರೆದುಕೊಟ್ಟರೆ ಅಂಕ ಬಂದೀತೆ?

ಎಣಿಸಿ ನೋಡಿದವರು

ಇಂಥ ಪದಗಳು ಎಷ್ಟಿವೆ ಎಂಬುದನ್ನು ಎಣಿಸಿ ನೋಡಿದವರು ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದ ವಿಕ್ಟೋರಿಯಾ ವಿಶ್ವವಿದ್ಯಾನಿಲಯದ ಅವೆರಿಲ್ ಕಾಕ್ಸ್‌ಹೆಡ್ ಎಂಬ ವಿದುಷಿ. (ಹೆಸರಿನ ಹೋಲಿಕೆಯನ್ನು ಬಿಟ್ಟರೆ ಕಾಕ್ಸ್ ಟೌನಿಗೂ ಇವರಿಗೂ ನಂಟಿಲ್ಲ.) ಕಲೆ, ವಾಣಿಜ್ಯ, ನ್ಯಾಯಶಾಸ್ತ್ರ, ವಿಜ್ಞಾನ — ಈ ನಾಲ್ಕು ವಿಭಾಗಗಳ ಪುಸ್ತಕ ಮತ್ತು ಲೇಖನಗಳಿಂದ ಸುಮಾರು 35 ಲಕ್ಷ ಪದಗಳಷ್ಟು ಬರಹವನ್ನು ಕೂಡಿಹಾಕಿ, ಯಾವ ಪದಗಳು ನಾಲ್ಕೂ ವಿಭಾಗಗಳಲ್ಲಿ ಮತ್ತೆ ಮತ್ತೆ ಬರುತ್ತವೆಂದು ಅವರು ಪರಿಶೀಲಿಸಿದರು. 2000ದಲ್ಲಿ ಪ್ರಕಟವಾದ ಅವರ ಪಟ್ಟಿಯಲ್ಲಿರುವವು ಕೇವಲ 570 ಪದಕುಟುಂಬಗಳು. ಪಾಠದ ಬರಹದಲ್ಲಿ ನೂರಕ್ಕೆ ಸುಮಾರು ಹತ್ತು ಪದಗಳು ಈ 570 ಕುಟುಂಬಗಳಿಗೇ ಸೇರಿದವು! ಕಥೆ ಕಾದಂಬರಿಗಳಲ್ಲಿ ಹುಡುಕಿದರೆ ನೂರಕ್ಕೆ ಒಂದೂವರೆಯಷ್ಟೂ ಸಿಕ್ಕುವುದಿಲ್ಲ. ಇಂಗ್ಲಿಷ್ ಕಾದಂಬರಿಗಳನ್ನು ಓದಿಸಿದರೆ ಎಲ್ಲವೂ ಸರಿಹೋಗುತ್ತದೆಂದು ಮಕ್ಕಳಿಗೆ ಉಪದೇಶಿಸುವ ಹಿರಿಯರು ಈ ಲೆಕ್ಕವನ್ನು ಗಮನಿಸುವುದು ಒಳ್ಳೆಯದು.

ಪಟ್ಟಿಯನ್ನು ಸಿದ್ಧಪಡಿಸುವಾಗ ಕಾಕ್ಸ್‌ಹೆಡ್ ಮೊದಲಿಗೆ ದಿನಬಳಕೆಯ ಎರಡು ಸಾವಿರ ಪದಗಳನ್ನು ಬದಿಗಿಟ್ಟರು. ಆ ಎರಡು ಸಾವಿರವನ್ನು 1953ರಲ್ಲಿಯೇ ಪಟ್ಟಿಮಾಡಿ ಕೊಟ್ಟಿದ್ದವರು ಮೈಕೇಲ್ ವೆಸ್ಟ್. ಅವರು ನಮ್ಮ ದೇಶದ ಮಣ್ಣಿನಲ್ಲಿ ದುಡಿದ ಮೇಷ್ಟರು. ಬ್ರಿಟಿಷರ ಕಾಲದ ಭಾರತೀಯ ಶಿಕ್ಷಣ ಸೇವೆಗೆ ಸೇರಿ, ಢಾಕಾ ನಗರದ ಅಧ್ಯಾಪಕರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದರು. ಬಂಗಾಳಿ ಮಕ್ಕಳು ಇಂಗ್ಲಿಷ್ ಓದಲು ಪಡುತ್ತಿದ್ದ ಪಾಡನ್ನು ಕಣ್ಣಾರೆ ಕಂಡು 1926ರಲ್ಲಿ ದ್ವಿಭಾಷಾ ಸಮಸ್ಯೆಯನ್ನು ಕುರಿತು ಪುಸ್ತಕ ಬರೆದರು. ಬೇಕಾದ ಪದಗಳನ್ನು ಆರಿಸಿ ಕಲಿಸಬೇಕು, ಕಂಡದ್ದನ್ನೆಲ್ಲ ಕಲಿಸಬಾರದು ಎಂಬ ವಿಚಾರಕ್ಕೆ ಅವರು ಬಲ ತಂದುಕೊಟ್ಟದ್ದು ಹೀಗೆ, ಭಾರತೀಯ ಮಕ್ಕಳ ಬೆಂಚಿನ ಪಕ್ಕದಲ್ಲಿ ನಿಂತು. ವೆಸ್ಟರ ಎರಡು ಸಾವಿರವೂ ಕಾಕ್ಸ್‌ಹೆಡ್ಡರ 570ವೂ ಸೇರಿದರೆ ಪಾಠದ ಬರಹದ ನೂರಕ್ಕೆ 86 ಪಾಲು ಕೈವಶವಾದಂತೆ. ಉಳಿದದ್ದು ಆಯಾ ಶಾಸ್ತ್ರದ ಪರಿಭಾಷೆ ಮತ್ತು ಅಪರೂಪದ ಮಾತುಗಳು.

ಕುಟುಂಬವೆಂದರೇನು?

ಇಲ್ಲಿ ‘ಕುಟುಂಬ’ ಎಂಬ ಮಾತು ಮುಖ್ಯ. ‘ಅನಲೈಸ್’ ಎಂಬುದು ಮನೆಯ ಯಜಮಾನನಾದರೆ ‘ಅನ್ಯಾಲಿಸಿಸ್’, ‘ಅನಲಿಸ್ಟ್’, ‘ಅನಲಿಟಿಕಲ್’, ‘ಅನಲಿಟಿಕಲಿ’ ಮೊದಲಾದವು ಆ ಮನೆಯ ಮಂದಿ. ಒಂದೊಂದನ್ನೂ ಬೇರೆಬೇರೆಯಾಗಿ ಉರುಹೊಡೆಯುವವನು ಐದು ಪದಗಳನ್ನು ಕಲಿಯುತ್ತಾನೆ. ಮನೆತನವನ್ನು ಗುರುತಿಸಬಲ್ಲವನು ಒಂದನ್ನು ಕಲಿತು ಐದನ್ನು ಗಳಿಸುತ್ತಾನೆ.

ಈಗ ಕನ್ನಡವನ್ನು ಪಕ್ಕದಲ್ಲಿಟ್ಟು ನೋಡಬೇಕು. ವಿಶ್ಲೇಷಿಸು, ವಿಶ್ಲೇಷಣೆ, ವಿಶ್ಲೇಷಕ, ವಿಶ್ಲೇಷಣಾತ್ಮಕ, ವಿಶ್ಲೇಷಣಾತ್ಮಕವಾಗಿ. ಏಣಿಯ ಮೆಟ್ಟಲುಗಳು ಒಂದಕ್ಕೊಂದು ಸರಿಯಾಗಿ ಕೂಡುತ್ತವೆ. ಕ್ರಿಯೆಗೆ ‘ಇಸು’, ಕಾರ್ಯದ ಹೆಸರಿಗೆ ‘ಅಣೆ’, ಮಾಡುವವನಿಗೆ ‘ಅಕ’, ಗುಣಕ್ಕೆ ‘ಆತ್ಮಕ’, ರೀತಿಗೆ ‘ಆಗಿ’. ಸೂಚಿಸು, ಸೂಚನೆ, ಸೂಚಕ ಎಂದರೆ ‘ಇಂಡಿಕೇಟ್’, ‘ಇಂಡಿಕೇಷನ್’, ‘ಇಂಡಿಕೇಟರ್’. ಹೈಸ್ಕೂಲಿನ ವ್ಯಾಕರಣದಲ್ಲಿ ಕೃದಂತ, ತದ್ಧಿತಾಂತ ಎಂದು ಗೊಣಗುತ್ತ ಕಲಿತದ್ದು ಇದನ್ನೇ. ಜಾಣತನ, ಕೆಲಸಗಾರ, ಹಣವಂತ ಎಂದು ಆಡುಗನ್ನಡವೂ ಪದಗಳ ಬಾಲಕ್ಕೆ ಪ್ರತ್ಯಯ ಹಚ್ಚಿ ಮನೆ ಬೆಳೆಸುತ್ತದೆ. ಪದದ ಮುಂದೆ ಉಪಸರ್ಗ ಸೇರಿಸುವ ಕ್ರಮ ಮಾತ್ರ ಸಂಸ್ಕೃತದಿಂದ ಬಂದದ್ದು. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ — ತಲೆ ಬದಲಾದರೆ ಅರ್ಥವೇ ಬದಲಾಗುವ ಈ ಸೋಜಿಗವನ್ನು ಕನ್ನಡ ಪಂಡಿತರ ತರಗತಿಯಲ್ಲಿ ಕೇಳದವರಿಲ್ಲ. ‘ಪ್ರಿಸ್ಕ್ರೈಬ್’, ‘ಸಬ್‌ಸ್ಕ್ರೈಬ್’, ‘ಡಿಸ್ಕ್ರೈಬ್’, ‘ಟ್ರಾನ್ಸ್‌ಕ್ರೈಬ್’ ಎಂಬಲ್ಲಿ ಆಗಿರುವುದೂ ಅದೇ.

ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಒಂದೇ ಮೂಲವಿರಬೇಕೆಂದು ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಾರಿದ್ದು 1786ರಲ್ಲಿ. ಕನ್ನಡ, ತಮಿಳು, ತೆಲುಗುಗಳು ಆ ವಂಶಕ್ಕೆ ಸೇರಿದವಲ್ಲ, ಬೇರೆಯೇ ಒಂದು ವಂಶವೆಂದು ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ ತೋರಿಸಿಕೊಟ್ಟರು. ಎರಡೂ ನಿಜ. ರಕ್ತಸಂಬಂಧವಿಲ್ಲದಿದ್ದರೂ ಕನ್ನಡವು ಶತಮಾನಗಳಿಂದ ತತ್ಸಮಗಳನ್ನು ಮನೆಗೆ ತಂದು ಸಾಕಿಕೊಂಡಿರುವುದರಿಂದ, ಇಂಗ್ಲಿಷಿನ ಪಾಂಡಿತ್ಯದ ಪದಗಳೊಡನೆ ಅದಕ್ಕೆ ದತ್ತುಸಂಬಂಧವೊಂದು ಏರ್ಪಟ್ಟಿದೆ.

‘ದತ್ತು’ ಎಂಬ ಮಾತು ಬಂತಷ್ಟೆ. ಅದರಿಂದಲೇ ಉದಾಹರಣೆ ಕೊಡಬಹುದು. ಇಂದು ಎಲ್ಲರ ಬಾಯಲ್ಲಿಯೂ ಇರುವ ‘ಡೇಟಾ’ ಲ್ಯಾಟಿನ್ ಪದ, ‘ಕೊಟ್ಟವು’ ಎಂದರ್ಥ. ಅದಕ್ಕೆ ಕನ್ನಡದಲ್ಲಿ ದತ್ತಾಂಶವೆಂದು ಹೆಸರಿಟ್ಟವರು ಬಲು ಜಾಣರು. ದತ್ತವೆಂದರೂ ಕೊಟ್ಟದ್ದು, ಎರಡೂ ‘ದಾ’ ಎಂಬ ಒಂದೇ ಬೇರಿನ ಚಿಗುರು. ಗಣಿತದಲ್ಲಿ ಬದಲಾಗದೆ ನಿಲ್ಲುವ ಸಂಖ್ಯೆ ‘ಕಾನ್ಸ್ಟಂಟ್’, ಕನ್ನಡದಲ್ಲಿ ಸ್ಥಿರಾಂಕ; ನಿಲ್ಲು ಎಂಬರ್ಥದ ‘ಸ್ಥಾ’ ಎರಡರ ಹೊಟ್ಟೆಯಲ್ಲಿಯೂ ಇದೆ. ‘ಸ್ಟೇಟಸ್’, ‘ಸ್ಟೇಬಲ್’, ‘ಇನ್‌ಸ್ಟಿಟ್ಯೂಟ್’, ‘ಸಬ್‌ಸ್ಟಿಟ್ಯೂಟ್’, ‘ಸರ್ಕಮ್‌ಸ್ಟೆನ್ಸ್’ ಎಂಬ ಐದೂ ಕಾಕ್ಸ್‌ಹೆಡ್ಡರ ಪಟ್ಟಿಯಲ್ಲಿವೆ. ಸ್ಥಾನ, ಸ್ಥಿತಿ, ಸಂಸ್ಥೆ, ವ್ಯವಸ್ಥೆ, ಅವಸ್ಥೆಗಳು ನಮ್ಮ ನಾಲಗೆಯ ಮೇಲಿವೆ. ಅಳೆಯುವ ‘ಮಾ’ ಧಾತುವಿನಿಂದ ಪ್ರಮಾಣ, ಪರಿಮಾಣ. ಅತ್ತ ‘ಮೆಷರ್’, ‘ಡೈಮೆನ್ಷನ್’. ತಿಳಿಯುವ ‘ವಿದ್’ನಿಂದ ವಿದ್ಯೆ, ವೇದ, ಅತ್ತ ‘ಎವಿಡೆನ್ಸ್’, ‘ವಿಷನ್’. ‘ಅಂತರ’ ಎಂಬುದೇ ‘ಇಂಟರ್’, ‘ಪರಿ’ ಎಂಬುದೇ ‘ಪೆರಿ’, ‘ಪ್ರ’ ಎಂಬುದೇ ‘ಪ್ರೊ’. ಇಲ್ಲವೆನ್ನುವ ನಮ್ಮ ‘ಅ’ ಮತ್ತು ‘ಅನ್’ಗಳು ಇಂಗ್ಲಿಷಿನಲ್ಲಿ ‘ಅನ್’, ‘ಇನ್’, ‘ಎ’ ಎಂಬ ಮೂರು ವೇಷಗಳಲ್ಲಿ ಓಡಾಡುತ್ತವೆ. ಸಂಧಿ ಎಂಬ ವ್ಯಾಕರಣದ ಮಾತೂ ‘ಸಿಂಥೆಸಿಸ್’ ಎಂಬ ರಸಾಯನದ ಮಾತೂ ‘ಕೂಡಿಸಿ ಇಡುವುದು’ ಎಂಬ ಒಂದೇ ಅರ್ಥದಿಂದ ಹೊರಟವು.

ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ ಕಾಲದಿಂದ ಕನ್ನಡದಲ್ಲಿ ಶಾಸ್ತ್ರಪದಗಳನ್ನು ಕಟ್ಟುವ ಕೆಲಸ ನಡೆದುಬಂದಿದೆ. ಹಾಗೆ ಕಟ್ಟಿದ ಪದಗಳು ಬಾಯಿಗೆ ಕಠಿನವೆಂದು ನಗುವವರು ಬಹಳ. ದ್ಯುತಿಸಂಶ್ಲೇಷಣೆ ಎಂದೊಡನೆ ಮಕ್ಕಳೂ ನಗುತ್ತಾರೆ. ಆದರೆ ದ್ಯುತಿ ಎಂದರೆ ‘ಫೋಟೊ’, ಸಂ ಎಂದರೆ ‘ಸಿನ್’ ಎಂದು ಬಿಡಿಸಿ ತೋರಿಸಿದರೆ ಆ ಕಠಿನ ಪದವೇ ಇಂಗ್ಲಿಷ್ ಪದದ ನಕ್ಷೆಯಾಗುತ್ತದೆ. ನಕ್ಷೆಯನ್ನು ಹತ್ತು ವರ್ಷ ಕೈಯಲ್ಲಿ ಹಿಡಿಸಿ, ಊರು ಬಂದಾಗ ಅದನ್ನು ಎಸೆದುಬಿಡೆಂದು ಹೇಳುವುದೇ ನಮ್ಮ ಪದವಿಪೂರ್ವ ತರಗತಿಗಳಲ್ಲಿ ನಡೆದುಬಂದಿರುವ ಪದ್ಧತಿ.

ಶಿವಾಜಿನಗರದಲ್ಲಿ, ಹಲಸೂರಿನಲ್ಲಿ, ವಿಯೆಟ್ನಾಮಿನಲ್ಲಿ

ದಂಡು ಪ್ರದೇಶದ ಮಕ್ಕಳಿಗೆ ಒಂದೇ ಭಾಷೆಯಿದ್ದು ಅಭ್ಯಾಸವಿಲ್ಲ. ಶಿವಾಜಿನಗರದ ಉರ್ದು ಮನೆಯ ಹುಡುಗನಿಗೆ ಪದಕುಟುಂಬವನ್ನು ತೋರಿಸಲು ಸಂಸ್ಕೃತಕ್ಕೆ ಹೋಗಬೇಕಾಗಿಲ್ಲ. ಇಲ್ಮ್ ಎಂದರೆ ವಿದ್ಯೆ, ಆಲಿಮ್ ಎಂದರೆ ವಿದ್ವಾಂಸ, ತಾಲೀಮ್ ಎಂದರೆ ಶಿಕ್ಷಣ, ಮಾಲೂಮ್ ಎಂದರೆ ತಿಳಿದದ್ದು. ಮೂರು ಅರಬ್ಬೀ ವ್ಯಂಜನಗಳ ಸುತ್ತ ಸ್ವರಗಳು ಕುಣಿದು ಮನೆ ತುಂಬಿದೆ. ಇವುಗಳಲ್ಲಿ ತಾಲೀಮು ಕನ್ನಡಕ್ಕೂ ಬಂದು ಗರಡಿಮನೆಯಲ್ಲಿ ನೆಲಸಿತು. ಹಾಗೆಯೇ ಅಮಲ್ದಾರನೂ ಮಾಮೂಲೂ ಒಂದೇ ಧಾತುವಿನವು. ಆ ಇಬ್ಬರಿಗೂ ಇರುವ ನಂಟು ವ್ಯಾಕರಣದ್ದು ಮಾತ್ರವೇ ಎಂದು ಹಳಬರು ಚೇಷ್ಟೆ ಮಾಡಿಯಾರು. ಹಲಸೂರಿನ ತಮಿಳು ಮನೆಯ ಹುಡುಗಿಗೆ ಅರಿವು, ಅರಿಞರ್, ಅರಿವಿಯಲ್ ಎಂಬವು ಜ್ಞಾನ, ಜ್ಞಾನಿ, ವಿಜ್ಞಾನಗಳಿಗೆ ಸಮ. ಕನ್ನಡದ ಅರಿವು, ಅರಿಕೆಗಳು ಅವುಗಳ ಸೋದರಬಳಗ. ಹೀಗೆ ತನ್ನ ಮನೆಮಾತಿನಲ್ಲಿ ಪದಗಳು ಹೇಗೆ ಹುಟ್ಟುತ್ತವೆಂಬುದನ್ನು ಒಮ್ಮೆ ಕಂಡ ಮಗು ಇಂಗ್ಲಿಷಿನಲ್ಲಿ ಅದನ್ನು ಕಾಣಲು ತಡಮಾಡುವುದಿಲ್ಲ.

ಈ ಸೌಕರ್ಯ ಎಲ್ಲರಿಗೂ ಇಲ್ಲವೆಂಬುದಕ್ಕೆ ವಿಯೆಟ್ನಾಮಿನ ವಿದ್ಯಾರ್ಥಿಗಳನ್ನು ನೋಡಬಹುದು. ಅವರ ಭಾಷೆಯಲ್ಲಿ ಪದವು ರೂಪ ಬದಲಿಸುವುದೇ ಇಲ್ಲ. ಏಕವಚನವಿರಲಿ ಬಹುವಚನವಿರಲಿ, ನಿನ್ನೆಯಿರಲಿ ನಾಳೆಯಿರಲಿ, ಅದೇ ಪದ. ಹಾಗಿದ್ದರೂ ಕುಟುಂಬಗಳಿಲ್ಲವೆಂದಲ್ಲ. ನಮಗೆ ಸಂಸ್ಕೃತವಿದ್ದಂತೆ ಅವರಿಗೆ ಹಳೆಯ ಚೀನೀ ಭಾಷೆ. ಕಲಿಕೆ ಎಂಬರ್ಥದ ‘ಹೊಕ್’ ಎಂಬ ಪದವನ್ನು ಬೇರೆ ಪದಗಳೊಡನೆ ಜೋಡಿಸಿ ವಿದ್ಯಾರ್ಥಿ, ವಿಶ್ವವಿದ್ಯಾನಿಲಯ, ವಿಜ್ಞಾನ, ಸಾಹಿತ್ಯ ಎಂಬ ಅರ್ಥದ ಮಾತುಗಳನ್ನು ಅವರು ಮಾಡಿಕೊಂಡಿದ್ದಾರೆ. ಸಮಾಸ ಅವರಿಗೆ ಕರತಲಾಮಲಕ, ಪ್ರತ್ಯಯ ಅಪರಿಚಿತ. ಆದ್ದರಿಂದ ‘ಅನಲೈಸ್’ ಮತ್ತು ‘ಅನ್ಯಾಲಿಸಿಸ್’ ಎಂಬೆರಡು ರೂಪಗಳು ಯಾಕೆ ಬೇಕೆಂಬುದೇ ಅವರಿಗೆ ಮೊದಲ ಪ್ರಶ್ನೆಯಾಗುತ್ತದೆ. ಕನ್ನಡದ ಮಗು ಆ ಪ್ರಶ್ನೆಯನ್ನು ದಾಟಿಯೇ ಬಂದಿರುತ್ತದೆ.

ನಂಟಿನ ಮೋಸಗಳು

ಆದರೂ ನೆಂಟರನ್ನೆಲ್ಲ ಕಣ್ಣುಮುಚ್ಚಿ ನಂಬುವಂತಿಲ್ಲ. ವಿದ್ಯೆಯೂ ವಿದ್ಯುತ್ತೂ ನೋಡಲು ಅಣ್ಣತಮ್ಮಂದಿರಂತಿದ್ದರೂ ಮೂಲ ಬೇರೆ. ‘ಇಗ್ನೊರನ್ಸ್’ ಎಂದರೆ ಅರಿಯದಿರುವುದು. ಅದೇ ಮನೆಯ ‘ಇಗ್ನೋರ್’ ಎಂದರೆ ಅರಿತೂ ಅಲಕ್ಷಿಸುವುದು. ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಕಾರಣದಿಂದ ಊಹಿಸಿ ನಿರ್ಣಯಿಸುವುದು, ಇಂಗ್ಲಿಷಿನ ‘ಇನ್‌ಫರೆನ್ಸ್’. ಮನೆಯ ಮಾತಿನಲ್ಲಿ ಅನುಮಾನವೆಂದರೆ ಸಂಶಯ. ನಿಘಂಟು ತೆರೆದ ಹುಡುಗ ಎರಡನ್ನೂ ಒಂದೇ ಎಂದುಕೊಂಡರೆ ಪ್ರಯೋಗಶಾಲೆಯ ವರದಿ ಪತ್ತೇದಾರಿ ಕಾದಂಬರಿಯಾದೀತು!

ಇದಕ್ಕಿಂತ ದೊಡ್ಡ ಮೋಸ ಬೆಂಗಳೂರಿನ ಬೀದಿಯಲ್ಲಿಯೇ ಇದೆ. 570ರ ಪಟ್ಟಿಯ ಅನೇಕ ಪದಗಳು ಇಲ್ಲಿ ಬಹು ಹಿಂದೆಯೇ ಕನ್ನಡವಾಗಿವೆ, ಆದರೆ ಬೇರೆ ಅರ್ಥದಲ್ಲಿ. ‘ಫಂಕ್ಷನ್’ ಎಂದರೆ ಮದುವೆ, ಮುಂಜಿ, ನಾಮಕರಣ. ಗಣಿತದ ಪುಟದಲ್ಲಿ ಅದು ಒಂದು ಸಂಖ್ಯೆಗೆ ಇನ್ನೊಂದನ್ನು ಹೊಂದಿಸುವ ನಿಯಮ. ‘ಸೈಟ್’ ಎಂದರೆ ಮೂವತ್ತು ನಲವತ್ತರ ನಿವೇಶನ. ಜೀವಶಾಸ್ತ್ರದಲ್ಲಿ ಅಣುವಿನ ಮೇಲಿನ ಒಂದು ತಾಣ. ‘ಪಾಲಿಸಿ’ ಜೀವವಿಮೆಯದು, ‘ಬಾಂಡ್’ ಛಾಪಾಕಾಗದದ್ದು, ‘ಕಂಟ್ರ್ಯಾಕ್ಟ್’ ರಸ್ತೆ ಕಾಮಗಾರಿಯದು. ಸ್ನಾಯು ‘ಕಂಟ್ರ್ಯಾಕ್ಟ್’ ಆಗುತ್ತದೆಂದು ಓದಿದ ಮಗು ಗೊಂದಲಕ್ಕೀಡಾದರೆ ತಪ್ಪು ಯಾರದು? ಅರಿಯದ ಪದವನ್ನು ವಿದ್ಯಾರ್ಥಿಯು ನಿಘಂಟಿನಲ್ಲಿ ಹುಡುಕಿಯಾನು. ಅರಿತೆನೆಂದುಕೊಂಡ ಪದವನ್ನು ಹುಡುಕುವುದೇ ಇಲ್ಲ.

ಉಚ್ಚಾರಣೆಯ ಸಂಗತಿಯೂ ಒಂದುಂಟು. ಇಂಗ್ಲಿಷಿನಲ್ಲಿ ಮನೆತನದ ಒಬ್ಬರಿಂದ ಇನ್ನೊಬ್ಬರಿಗೆ ಹೋದಂತೆ ಒತ್ತು ಜಾಗ ಬದಲಿಸುತ್ತದೆ: ‘ಅನಲೈಸ್’ನಲ್ಲಿ ಮೊದಲ ಭಾಗಕ್ಕೆ, ‘ಅನ್ಯಾಲಿಸಿಸ್’ನಲ್ಲಿ ಎರಡನೆಯದಕ್ಕೆ, ‘ಅನಲಿಟಿಕಲ್’ನಲ್ಲಿ ಮೂರನೆಯದಕ್ಕೆ. ಎಲ್ಲ ಅಕ್ಷರಗಳನ್ನೂ ಸಮನಾಗಿ ನುಡಿಯುವ ಕನ್ನಡದ ಕಿವಿಗೆ ಇವು ಮೂರು ಅಪರಿಚಿತ ಪದಗಳಂತೆ ಕೇಳಿಸುತ್ತವೆ. ಕಾಗದದ ಮೇಲೆ ಮನೆತನ ಕಂಡವನಿಗೂ ಉಪನ್ಯಾಸದಲ್ಲಿ ಅದು ತಪ್ಪಿಹೋಗುವುದು ಈ ಕಾರಣದಿಂದ. ಓದಿದ್ದನ್ನು ಗಟ್ಟಿಯಾಗಿ ಓದಿಸಿ ಕೇಳುವುದೊಂದೇ ಇದಕ್ಕೆ ಮದ್ದು.

ಪಟ್ಟಿಯೊಂದನ್ನೇ ನೆಚ್ಚಿ ಕೂರುವುದೂ ಸಲ್ಲದು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವು ಜಗತ್ತಿನ ಭಾಷಾಶಿಕ್ಷಕರ ನಡುವೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ಅಲ್ಲಿ ವ್ಯಾಕರಣವನ್ನೂ ಪದಪಟ್ಟಿಯನ್ನೂ ಮುಂದಿಡದೆ, ರೈಲಿನ ವೇಳಾಪಟ್ಟಿ, ನಕ್ಷೆ ಮೊದಲಾದವನ್ನು ಮಕ್ಕಳ ಮುಂದಿಟ್ಟು, ಇಂಥ ರೈಲು ತಪ್ಪಿದರೆ ಊರು ಸೇರುವುದು ಯಾವಾಗ ಎಂಬಂಥ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿ ಬಿಡಿಸಲು ಕೊಡುತ್ತಿದ್ದರು. ಮನಸ್ಸು ಸಮಸ್ಯೆಯ ಮೇಲಿರುವಾಗ ಭಾಷೆ ತಾನಾಗಿ ಒಳಗಿಳಿಯುತ್ತದೆಂಬುದು ಅವರ ನಂಬಿಕೆ. 1987ರಲ್ಲಿ ಅವರು ಅದನ್ನು ಕುರಿತು ಪುಸ್ತಕವನ್ನೂ ಪ್ರಕಟಿಸಿದರು. ಪದಕುಟುಂಬವೂ ಹಾಗೆಯೇ ಕೆಲಸಕ್ಕೆ ಬಿದ್ದಾಗಲೇ ನೆಲೆಯೂರುವುದು. ಭೌತಶಾಸ್ತ್ರದ ಲೆಕ್ಕದಲ್ಲಿ ‘ವೇರಿಯಬಲ್’ ಎದುರಾದ ದಿನವೇ ‘ವೇರಿ’, ‘ವೇರಿಯೇಷನ್’, ‘ಇನ್‌ವೇರಿಯಬಲ್’ಗಳನ್ನು ಪಕ್ಕದಲ್ಲಿ ಬರೆದಿಡಬೇಕು.

ಇದಕ್ಕೆ ಬೇಕಾದದ್ದು ಇನ್ನೂರು ಪುಟಗಳ ಒಂದು ನೋಟ್‌ಬುಕ್ಕು. ಪುಟಕ್ಕೆ ಮೂರು ಮನೆ. ಮನೆಯ ಎಡಕ್ಕೆ ಇಂಗ್ಲಿಷಿನ ಮಂದಿ, ಬಲಕ್ಕೆ ಕನ್ನಡದ ಮಂದಿ, ಕೆಳಗೆ ಅಂದಿನ ಪಾಠದಿಂದಲೇ ಎತ್ತಿಕೊಂಡ ಒಂದು ವಾಕ್ಯ. ದಿನಕ್ಕೆ ಎರಡು ಕುಟುಂಬಗಳಂತೆ ಹಿಡಿದರೆ 570ಕ್ಕೆ 285 ದಿನ. ಜೂನ್ ಒಂದರಂದು ಮೊದಲಿಟ್ಟ ವಿದ್ಯಾರ್ಥಿಯು ಮಾರ್ಚ್ ಎರಡನೆಯ ವಾರಕ್ಕೆ ಪಟ್ಟಿಯ ತುದಿ ಮುಟ್ಟುತ್ತಾನೆ. ಬಳಕೆ ಹೆಚ್ಚಿರುವವು ಮೊದಲು, ಕಡಮೆಯಿರುವವು ಕೊನೆಗೆ ಎಂಬ ಕ್ರಮದಲ್ಲಿ ಕಾಕ್ಸ್‌ಹೆಡ್ ತಮ್ಮ ಪಟ್ಟಿಯನ್ನು ಹತ್ತು ಭಾಗ ಮಾಡಿಟ್ಟಿರುವುದರಿಂದ, ಮೊದಲ ಭಾಗದ 60 ಕುಟುಂಬಗಳು ಮುಗಿಯುವುದು ಜೂನ್ ಮೂವತ್ತಕ್ಕೆ. ‘ಅಸ್ಯೂಮ್’, ‘ಡಿರೈವ್’, ‘ಡಿಫೈನ್’ಗಳು ಅಷ್ಟರೊಳಗೇ ಬಂದುಹೋಗಿರುತ್ತವೆ.